ಶಿವರುದ್ರಮ್ಮನವರ ತಪ್ಪು ಲೆಕ್ಕ

ಶಿವರುದ್ರಮ್ಮನವರ ಎದುರಿಗೆ ಬರಿಯ ಅಂಕಿಯೊಂದನ್ನು ಉಚ್ಚರಿಸಿ ಸಲೀಸಾಗಿ ಪಾರಾದವರನ್ನು ನಾನು ಕಂಡಿಲ್ಲ. ಗುಬ್ಬಿಯ ಸಂತೆಯಲ್ಲಿ ಬದನೆಕಾಯಿ ರಾಶಿಯ ಹಿಂದೆ ಕೂತ ಹೆಂಗಸು 'ನಲವತ್ತು' ಎಂದರೆ, ಚೀಲದ ಬಾಯನ್ನು ಅರ್ಧ ತೆರೆದು ನಿಂತ ಇವರು, "ನಲವತ್ತು ಏನಮ್ಮ? ರೂಪಾಯಾ, ಕಾಯಾ?" ಎಂದು ಕೇಳಿ, ಉತ್ತರ ಬರುವ ತನಕ ಚೀಲ ಮುಂದೆ ಚಾಚುತ್ತಿರಲಿಲ್ಲ. ನಮ್ಮ ಪದವಿಪೂರ್ವ ಕಾಲೇಜಿನ ಪ್ರಾಂಶುಪಾಲರು ಸಭೆಯಲ್ಲಿ ಎದ್ದು ನಿಂತು, ಈ ಸಲದ ರಿಸಲ್ಟು ಎಪ್ಪತ್ತೆರಡು ಎಂದು ಎದೆಯುಬ್ಬಿಸಿ ಸಾರಿದಾಗ, ಹಿಂದಿನ ಸಾಲಿನಿಂದ "ಎಪ್ಪತ್ತೆರಡು ಏನು ಸಾರ್? ಮಕ್ಕಳಾ, ಪರ್ಸೆಂಟಾ?" ಎಂಬ ಪ್ರಶ್ನೆ ಎದ್ದು, ಅವರ ಉತ್ಸಾಹ ಗಾಳಿ ಹೋದ ಚೆಂಡಿನಂತೆ ಕುಗ್ಗಿದ್ದನ್ನು ನಾನೇ ನೋಡಿದ್ದೇನೆ. ನಾನು ಅಲ್ಲಿ ಕನ್ನಡದ ಉಪನ್ಯಾಸಕನಾಗಿ ಸೇರಿದ ದಿನವೇ ನನಗೂ ಈ ದೀಕ್ಷೆಯಾಯಿತು. ವಯಸ್ಸೆಷ್ಟು ಎಂದು ಕೇಳಿದರು. ಮೂವತ್ತೊಂದು ಎಂದೆ. "ಮೂವತ್ತೊಂದು ಏನು?" ಎಂದರು. ವರ್ಷ ಎಂದೆ. "ಹಾಂ. ಕನ್ನಡದ ಮೇಷ್ಟ್ರೇ ಪದ ನುಂಗ್ಕೊಂಡ್ರೆ ಫಿಸಿಕ್ಸಿನೋರು ಯಾರನ್ನ ಕೇಳೋದು?" ಎಂದು ಹೇಳಿ, ನಗದೆಯೇ ಹೊರಟುಹೋದರು.

ಅವರ ನಡಿಗೆಯೂ ಹಾಗೆಯೇ, ಎದುರುಗಾಳಿಗೆ ತಲೆಯೊಡ್ಡಿದವರಂತೆ ಮುಂದಕ್ಕೆ ಬಾಗಿ, ಉದ್ದುದ್ದ ಹೆಜ್ಜೆ ಹಾಕುತ್ತಾ, ಬಸ್ಸು ತಪ್ಪುತ್ತಿರುವವರ ಆತುರವೂ ಬಸ್ಸು ತನಗಾಗಿ ಕಾಯಲೇಬೇಕೆಂಬ ಅಧಿಕಾರವೂ ಸೇರಿದ ನಡಿಗೆ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೈಮಗ್ಗದ ಸೀರೆ, ಅದರ ಮೇಲೆ ಕಂದುಬಣ್ಣದ ಲ್ಯಾಬ್ ಕೋಟು. ತೋಳಿನ ತುದಿಯಲ್ಲಿ ಬೆಸುಗೆಯ ಸೀಸ ಸಿಡಿದು ಆದ ಸುಟ್ಟ ಚುಕ್ಕೆಗಳಿದ್ದ ಆ ಕೋಟನ್ನು ಅವರು ಪ್ರಯೋಗಶಾಲೆಯಲ್ಲಿ ಮಾತ್ರವಲ್ಲ, ಬಸ್‌ಸ್ಟ್ಯಾಂಡಿನಲ್ಲೂ, ಮದುವೆಯ ಛತ್ರದಲ್ಲೂ ತೊಟ್ಟಿರುತ್ತಿದ್ದರು. ಒಮ್ಮೆ ಆರತಕ್ಷತೆಯೊಂದರಲ್ಲಿ ಯಾರೋ ಮೂಗು ಮುರಿದಾಗ, "ಇದಕ್ಕೆ ನಾಲ್ಕು ಜೇಬಿದೆ, ಸೀರೆಗೆ ಒಂದೂ ಇಲ್ಲ" ಎಂದು ಹೇಳಿ ಬಾಳೆಲೆಯ ಮುಂದೆ ಕೂತರು. ಆ ಜೇಬುಗಳಲ್ಲಿ ಟೆಸ್ಟರು, ಅಂಗೈಯಗಲದ ಮೀಟರು, ಸೀಮೆಸುಣ್ಣದ ತುಂಡು, ಲವಂಗ, ಬಣ್ಣದ ಪಟ್ಟೆಗಳಿದ್ದ ಪುಟ್ಟ ರೆಸಿಸ್ಟರುಗಳು ಯಾವಾಗಲೂ ಇರುತ್ತಿದ್ದವು. ಯಾರ ಮನೆಗೆ ಹೋದರೂ ಮೊದಲು ಸ್ವಿಚ್ ಬೋರ್ಡಿನ ಮೇಲೆ, ಮಗುವಿನ ಜ್ವರ ನೋಡುವ ತಾಯಿಯ ಹಾಗೆ, ಹಿಂಗೈ ಇಟ್ಟು ನೋಡಿ, ಆಮೇಲೆಯೇ 'ಚೆನ್ನಾಗಿದೀರಾ' ಎಂದು ಕೇಳುವುದು ರೂಢಿ.

ಅವರ ಪಾಠವನ್ನು ನಾನು ಪಕ್ಕದ ಕೋಣೆಯ ಗೋಡೆಯಾಚೆಯಿಂದ ಎಷ್ಟೋ ವರ್ಷ ಕೇಳಿದೆ. ಕಾವ್ಯದ ವಿರಹವನ್ನು ನಾನು ವರ್ಣಿಸುತ್ತಿರುವ ಹೊತ್ತಿಗೆ ಅತ್ತ ಕಡೆಯಿಂದ ಇಸ್ತ್ರಿಪೆಟ್ಟಿಗೆಯ ಲೆಕ್ಕ ತೇಲಿ ಬರುತ್ತಿತ್ತು. "ವೋಲ್ಟೇಜು ಅಂದ್ರೆ ತಳ್ಳೋದು, ಕರೆಂಟು ಅಂದ್ರೆ ಹರಿಯೋದು, ರೆಸಿಸ್ಟೆನ್ಸು ಅಂದ್ರೆ ತಡೆಯೋದು. ಇನ್ನೂರ ಮೂವತ್ತು ವೋಲ್ಟು ತಳ್ತಾ ಇದೆ, ಐದು ಆಂಪಿಯರು ಹರೀತಾ ಇದೆ. ಭಾಗಿಸು, ನಲವತ್ತಾರು ಓಮ್ ತಡೆ. ಗುಣಿಸು, ಸಾವಿರದ ನೂರೈವತ್ತು ವಾಟ್ ಶಕ್ತಿ. ಭಾಗಿಸಿದ್ರೆ ತಡೆ, ಗುಣಿಸಿದ್ರೆ ಶಕ್ತಿ. ಎರಡು ಗೊತ್ತಾದ್ಮೇಲೆ ಮೂರನೇದು ಎಲ್ಲಿ ಬಚ್ಚಿಟ್ಕೊಳ್ಳುತ್ತೆ ಕಣ್ರೋ?" ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸ ಹಿಡಿಯುವ ಕನಸಿನ ಹುಡುಗರು ಅದನ್ನು ಮಗ್ಗಿಯಂತೆ ಒದರುತ್ತಿದ್ದರು. ನನ್ನ ವಿದ್ಯಾರ್ಥಿಗಳು ಕೂಡ ವಿರಹವನ್ನು ಬಿಟ್ಟು ಆ ಕಡೆಗೇ ಕಿವಿಗೊಡುತ್ತಿದ್ದರೆಂಬುದು ನನಗೆ ಗೊತ್ತಿತ್ತು.

ಇಷ್ಟು ಕರಾರುವಾಕ್ಕಾದ ಹೆಂಗಸಿಗೆ ಒಂದೇ ಒಂದು ಜಾಗದಲ್ಲಿ ಲೆಕ್ಕ ಬರುತ್ತಿರಲಿಲ್ಲ. ಅದು ಅವರ ತಮ್ಮ ಚನ್ನೇಶ್. ತಂದೆ ತೀರಿಕೊಂಡಾಗ ಅವನಿನ್ನೂ ಲಂಗೋಟಿಯ ಮಗು. ತೋಟ ನೋಡಿಕೊಂಡು, ಓದಿಕೊಂಡು, ನೌಕರಿ ಹಿಡಿದು, ಬಂದ ಸಂಬಂಧಗಳನ್ನೆಲ್ಲ ಅವನು ಒಂದು ದಡ ಸೇರಲಿ ಎಂದು ಹಿಂದಕ್ಕೆ ಕಳಿಸುತ್ತಾ, ಕೊನೆಗೆ ಸಂಬಂಧಗಳೇ ಬಾರದ ವಯಸ್ಸನ್ನು ಶಿವರುದ್ರಮ್ಮ ತಲುಪಿದರು. ಚನ್ನೇಶ್ ಕೆಟ್ಟವನಲ್ಲ. ನಗುಮುಖದವನು, ಕೈ ಬಿಚ್ಚಿದವನು; ಎಳನೀರು ಕೀಳಿಸಿದಾಗ ಒಂದು ಆಟೋ ತುಂಬ ನಮ್ಮ ಸ್ಟಾಫ್‌ರೂಮಿಗೆ ಬರುತ್ತಿತ್ತು. ಆದರೆ ಬಲ್ಬು ಹೊತ್ತಿಕೊಂಡರೆ ಸಾಕು, ಹೇಗೆ ಹೊತ್ತಿಕೊಂಡಿತೆಂಬುದು ಬೇಡ ಎನ್ನುವ ಸ್ವಭಾವ. ಕ್ಯಾತ್ಸಂದ್ರದ ಬಳಿ ಕಾಲೇಜುಗಳಿಗೆ ಬರುವ ಹೆಣ್ಣುಮಕ್ಕಳಿಗೆಂದು ಮೂರಂತಸ್ತಿನ ಪಿ.ಜಿ. ಕಟ್ಟಿಸಿ, ಅದಕ್ಕೆ ಅಕ್ಕನ ಹೆಸರನ್ನೇ ಇಟ್ಟ. 'ಶಿವರುದ್ರಮ್ಮ ಲೇಡೀಸ್ ಪಿ.ಜಿ.' ಎಂಬ ಬೋರ್ಡು ಹೆದ್ದಾರಿಯಲ್ಲಿ ಹೋಗುವ ಬಸ್ಸಿನಿಂದಲೂ ಕಾಣಿಸುತ್ತಿತ್ತು. ಗೃಹಪ್ರವೇಶದ ದಿನ ಹೋಮದ ಹೊಗೆಯ ನಡುವೆ ಶಿವರುದ್ರಮ್ಮ ಮೇನ್ ಬೋರ್ಡಿನ ಮುಂದೆ ನಿಂತು, ಇಎಲ್‌ಸಿಬಿ ಹಾಕಿಸದೆ ಒಬ್ಬ ಹುಡುಗಿಯನ್ನೂ ಸೇರಿಸಿಕೊಳ್ಳಬೇಡ ಎಂದು ಹಟ ಹಿಡಿದು, ವೈರಿಂಗ್ ಮಾಡಿದ ಓಬಳಯ್ಯನನ್ನು ಕರೆಸಿ ಹಾಕಿಸಿಯೇ ಊಟಕ್ಕೆ ಕೂತರಂತೆ. ಕರೆಂಟು ತನ್ನ ದಾರಿ ಬಿಟ್ಟು ಗೋಡೆಗೋ ನೀರಿಗೋ ಮನುಷ್ಯನ ಮೈಗೋ ಸೋರಿದರೆ, ಕಣ್ಣು ಮಿಟುಕಿಸುವುದರೊಳಗೆ ತಾನಾಗಿ ಕಡಿದುಕೊಳ್ಳುವ ಪುಟ್ಟ ಪೆಟ್ಟಿಗೆ ಅದು.

ಒಂದು ಆಷಾಢದ ಬೆಳಿಗ್ಗೆ, ಜಿನುಗು ಮಳೆಯಲ್ಲಿ, ಆ ಪಿ.ಜಿ.ಯ ಎರಡನೇ ಮಹಡಿಯ ಬಚ್ಚಲಲ್ಲಿ ಮಾನಸಾ ಎಂಬ ಹುಡುಗಿ ಸತ್ತುಹೋದಳು. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಕಡೆಯವಳು, ನರ್ಸಿಂಗ್ ಓದುತ್ತಿದ್ದಳು. ಡ್ಯೂಟಿಗೆ ಹೊತ್ತಾಯಿತೆಂದು ಸ್ನಾನಕ್ಕೆ ಹೋದವಳು ಬಾರದಿದ್ದಾಗ, ನೀರು ಬೀಳುವ ಸದ್ದು ಮಾತ್ರ ನಿಲ್ಲದಿದ್ದಾಗ, ಗೆಳತಿಯರು ಬಾಗಿಲು ಒಡೆಸಿದರು. ಗೀಸರಿನ ನಲ್ಲಿಯನ್ನು ಅವಳ ಬಲಗೈ ಹಿಡಿದುಕೊಂಡೇ ಇತ್ತು.

ಆ ಮಧ್ಯಾಹ್ನ ಚನ್ನೇಶನ ಫೋನು ಸ್ಟಾಫ್‌ರೂಮಿಗೆ ಬಂದಾಗ ನಾನು ಪಕ್ಕದಲ್ಲೇ ಇದ್ದೆ. ಶಿವರುದ್ರಮ್ಮ ಕೇಳಿಸಿಕೊಂಡರು, ಏನೂ ಕೇಳಲಿಲ್ಲ. ಫೋನಿಟ್ಟು, "ಮೇಷ್ಟ್ರೇ, ನನ್ನ ಜೊತೆ ಕ್ಯಾತ್ಸಂದ್ರಕ್ಕೆ ಬರ್ತೀರಾ?" ಎಂದರು. ಮರುದಿನ ವಿದ್ಯುತ್ ಪರಿವೀಕ್ಷಣೆಯ ಅಧಿಕಾರಿ ಬಂದಾಗಲೂ ನಾವು ಹೋದೆವು. ಹಿಂದಿನ ದಿನ ಹಾಕಿದ್ದ ಬೀಗವನ್ನು ಪೊಲೀಸರು ತೆಗೆದರು. ಮೆಟ್ಟಿಲ ಬಳಿ ಕಾದಿದ್ದ ಚನ್ನೇಶ್, "ಅಕ್ಕ, ನೀನು ಒಂದ್ಮಾತು ಹೇಳ್ಬುಡು. ಗೀಸರ್ ಕಂಪ್ನಿ ಮಾಲು ಸರಿಯಿಲ್ಲ, ನಮ್ದೇನೂ ತಪ್ಪಿಲ್ಲ ಅಂತ. ನಿನ್ ಮಾತಂದ್ರೆ ಅವ್ರು ಕೇಳ್ತಾರೆ" ಎಂದ. ಶಿವರುದ್ರಮ್ಮ ಮೇನ್ ಬೋರ್ಡಿನ ಬಾಗಿಲು ತೆಗೆದರು. ಇಎಲ್‌ಸಿಬಿ ತನ್ನ ಜಾಗದಲ್ಲಿತ್ತು. ಆದರೆ ಅದಕ್ಕೆ ಬರಬೇಕಾದ ತಂತಿಗಳನ್ನು ಬಿಚ್ಚಿ, ಅದರ ಬದಿಯಿಂದಲೇ ಹಾಯಿಸಿ, ಒಂದಕ್ಕೊಂದು ತಿರುಚಿ, ಕಪ್ಪು ಟೇಪು ಸುತ್ತಿತ್ತು. ಶಿವರುದ್ರಮ್ಮ ತಮ್ಮನ ಮುಖ ನೋಡಿದರು. ಅವನು ನೆಲ ನೋಡಿದ.

"ಮಳೆ ಬಂದಾಗ್ಲೆಲ್ಲ ಇದು ಬಿದ್ದು ಕರೆಂಟು ಹೋಗ್ತಿತ್ತು ಅಕ್ಕ. ಬೆಳಿಗ್ಗೆ ಬೆಳಿಗ್ಗೆ ಹುಡ್ಗೀರು ಫೋನ್ ಮಾಡಿ ಪ್ರಾಣ ತಿನ್ನೋರು. ಓಬಳಯ್ಯಂಗೆ ಹೇಳಿ ತಪ್ಪಿಸ್ದೆ."

"ಅದು ಸುಮ್ನೆ ಬೀಳ್ತಿರ್ಲಿಲ್ಲ ಕಣೋ" ಎಂದರು ಶಿವರುದ್ರಮ್ಮ. "ಎಲ್ಲೋ ಸೋರ್ತಾ ಇದೆ ಅಂತ ಕೂಗ್ತಾ ಇತ್ತು. ನೀನು ಅದರ ಬಾಯಿ ಕಟ್ಟಿದೆ."

ಅಧಿಕಾರಿ ಇನ್ನೂ ಚಿಕ್ಕ ವಯಸ್ಸಿನವರು, ಸೌಮ್ಯರು. ಬಚ್ಚಲಲ್ಲಿ ನಲ್ಲಿಗೂ ಒದ್ದೆ ನೆಲಕ್ಕೂ ನಡುವೆ ಮೀಟರು ಹಿಡಿದು ನೋಡಿ ನೂರ ತೊಂಬತ್ತು ಎಂದರು. "ವೋಲ್ಟು" ಎಂದು ಶಿವರುದ್ರಮ್ಮನವರ ಬಾಯಿ ತಾನಾಗಿ ಸೇರಿಸಿತು. ಗೀಸರಿನೊಳಗಿನ ಕಾಯಿಲು ಸೀಳಿ ನೀರಿಗೆ ಕರೆಂಟು ಇಳಿದಿತ್ತು. ಅದನ್ನು ನೆಲಕ್ಕೆ ಒಯ್ಯಬೇಕಿದ್ದ ಅರ್ತ್ ತಂತಿ ಗೋಡೆಯೊಳಗೆಲ್ಲೋ ತುಂಡಾಗಿತ್ತು. ಅಧಿಕಾರಿ ಬರೆದುಕೊಂಡು ಹೊರಡುವುದರಲ್ಲಿದ್ದರು. ಆಗ ಶಿವರುದ್ರಮ್ಮ, "ಸಾರ್, ಇದು ಯಾರೂ ಮುಟ್ಟದೇ ಇದ್ದಾಗಿನ ವೋಲ್ಟೇಜು. ಮುಟ್ಟಿದಾಗ ಎಷ್ಟಿತ್ತು ಅಂತ ನೋಡ್ಬೇಕಲ್ಲ?" ಎಂದು, ಕೋಟಿನ ಜೇಬಿನಿಂದ ಸಾವಿರ ಓಮಿನ ರೆಸಿಸ್ಟರೊಂದನ್ನು ತೆಗೆದರು. ಒದ್ದೆ ಮೈಯ ಮನುಷ್ಯ ಕರೆಂಟಿಗೆ ಒಡ್ಡುವ ತಡೆ ಹೆಚ್ಚುಕಡಿಮೆ ಅಷ್ಟು ಎಂದು ವಿವರಿಸಿದರು. ಅಧಿಕಾರಿ ಒಪ್ಪಿ ಅದನ್ನು ನಲ್ಲಿಗೂ ನೆಲಕ್ಕೂ ನಡುವೆ ಸೇರಿಸಿದರು. ಮೀಟರಿನ ಅಂಕಿ ಮೇಲಿಂದ ಬಿದ್ದ ಕಲ್ಲಿನಂತೆ ಇಳಿದು ಮೂವತ್ತಾರರಲ್ಲಿ ನಿಂತಿತು. ಒಡೆದ ಕಾಯಿಲಿನ ಸೀಳಿನಲ್ಲೇ ತಡೆ ಬಹಳವಿದ್ದು, ಬಹುಪಾಲು ವೋಲ್ಟೇಜು ಅಲ್ಲೇ ಕಳೆದುಹೋಗುತ್ತಿತ್ತು. ಮೂವತ್ತಾರು ವೋಲ್ಟನ್ನು ಸಾವಿರ ಓಮಿನಿಂದ ಭಾಗಿಸಿದರೆ ಮೂವತ್ತಾರು ಮಿಲಿಆಂಪಿಯರ್. ಆ ಸಂಖ್ಯೆ ವರದಿಯಲ್ಲಿ ದಾಖಲಾಯಿತು. ಶಿವರುದ್ರಮ್ಮ ಗೋಡೆಗೆ ಕೈ ಕೊಟ್ಟು ನಿಂತರು. ಇಷ್ಟು ಕಡಿಮೆಯೇ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು. ಅವರ ಮುಖ ಮಾತ್ರ ಯಾಕೆ ಹಾಗೆ ಬಿಳಿಚಿತೆಂದು ತಿಳಿಯಲಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಕಳೆದ ಮೇಲೆ ಅವರು ಹುಡುಗಿಯ ಊರಿಗೆ ಹೊರಟರು. ಬೇಡವೆಂದು ಎಲ್ಲರೂ ಹೇಳಿದರು. "ಬೋರ್ಡಲ್ಲಿ ನನ್ನ ಹೆಸರಿದೆ" ಎಂದರು. ಕುಣಿಗಲ್ಲಿನಲ್ಲಿ ಬಸ್ಸು ಬದಲಿಸಿ, ನಾಲೆಯ ಪಕ್ಕದ ಹಾದಿಯಲ್ಲಿ ನಡೆದು ಹೋದೆವು. ಗದ್ದೆಗಳಿಗೆ ಡ್ಯಾಮಿನ ನೀರು ಬಿಟ್ಟಿದ್ದರು; ಎಲ್ಲೆಲ್ಲೂ ತಂಪಾದ ಸದ್ದು. ಮಾನಸಾಳ ತಂದೆ ಅಣ್ಣಯ್ಯಪ್ಪ ಜಗಲಿಯ ಮೇಲಿದ್ದರು. ನಾವು ಯಾರೆಂದು ತಿಳಿದ ಕೂಡಲೇ ಒಬ್ಬ ನೆಂಟ, "ಸಾಯ್ಸ್ಬುಟ್ಟು ಮಾತಾಡ್ಸಕ್ಕೆ ಬಂದವ್ರಾ?" ಎಂದು ಎದ್ದ. ಅಣ್ಣಯ್ಯಪ್ಪ ಕೈಯೆತ್ತಿ ಅವನನ್ನು ತಡೆದು, ಒಳಗಿನಿಂದ ನೀರು ತರಿಸಿ ಕೊಟ್ಟರು. ಕಂಬಕ್ಕೆ ಒರಗಿ ಕೂತಿದ್ದ ತಾಯಿ ವನಜಮ್ಮ ನಮ್ಮ ಕಡೆ ತಿರುಗಲೇ ಇಲ್ಲ.

ನಾವು ನೀರು ಕುಡಿದ ಮೇಲೆ ಅಣ್ಣಯ್ಯಪ್ಪ ಕೇಳಿದರು. "ನೀವು ಕರೆಂಟಿನ ಪಾಠ ಮಾಡೋರಂತೆ. ಒಂದ್ ಮಾತು ಕೇಳ್ತೀನಿ ತಾಯಿ. ನನ್ ಮಗೀಗೆ ಎಷ್ಟೊತ್ತು ನೋವಾಯ್ತು?"

ವನಜಮ್ಮ ಆಗ ತಲೆಯೆತ್ತಿದರು.

ಶಿವರುದ್ರಮ್ಮ ಒಂದು ಪ್ರಶ್ನೆಗೆ ಉತ್ತರಿಸಲು ಅಷ್ಟು ತಡಮಾಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. "ಅರ್ಧ ಸೆಕೆಂಡು" ಎಂದರು ಕೊನೆಗೆ. "ಅದಕ್ಕಿಂತ ಹೆಚ್ಚಿಲ್ಲಪ್ಪ. ಏನಾಯ್ತು ಅಂತ ಅವಳಿಗೆ ಗೊತ್ತಾಗೋದ್ರೊಳಗೆ ಮುಗಿದುಹೋಗಿರುತ್ತೆ."

ವನಜಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಆ ಹನ್ನೊಂದು ದಿನಗಳಲ್ಲಿ ಅತ್ತಿರಲಿಲ್ಲವೆಂಬಂತೆ ಅತ್ತರು. ಅಣ್ಣಯ್ಯಪ್ಪ "ಅಷ್ಟೇಯಾ? ಅಷ್ಟೇ ಅಲ್ವಾ?" ಎನ್ನುತ್ತಾ ಅಲ್ಲಿದ್ದವರ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದರು, ಮೊದಲು ಎದ್ದು ನಿಂತಿದ್ದ ನೆಂಟ ಕೂತುಕೊಂಡ. ನಾವು ಹೊರಟಾಗ ನಾಲೆಯ ಸೇತುವೆಯ ತನಕ ಅಣ್ಣಯ್ಯಪ್ಪ ಬಂದು ಬೀಳ್ಕೊಟ್ಟರು.

ಕುಣಿಗಲ್ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಶಿವರುದ್ರಮ್ಮ ನನಗೆ ಇದ್ದದ್ದನ್ನು ಹೇಳಿದರು. ನಾನು ಕೇಳಿರಲಿಲ್ಲ, ಅವರಿಗೆ ಯಾರ ಬಳಿಯಾದರೂ ಹೇಳಿಕೊಳ್ಳಲೇಬೇಕಿತ್ತು.

"ಮೇಷ್ಟ್ರೇ, ಜಾಸ್ತಿ ಕರೆಂಟು ಹರಿದಿದ್ರೆ ಎದೆ ತಕ್ಷಣ ನಿಲ್ತಿತ್ತು. ಇದು ಕಡಿಮೆ. ಮೂವತ್ತಾರು ಮಿಲಿಆಂಪಿಯರು. ಇಷ್ಟು ಹರಿದ್ರೆ ಮುಷ್ಟಿ ಬಿಗಿದುಕೊಳ್ಳುತ್ತೆ, ಬಿಡಿಸ್ಕೊಳ್ಳಕ್ಕೆ ಆಗಲ್ಲ. ಎದೆ ಬಿಗಿದುಕೊಳ್ಳುತ್ತೆ, ಉಸಿರು ಎಳೆಯಕ್ಕಾಗಲ್ಲ, ಕೂಗಕ್ಕಾಗಲ್ಲ. ಜ್ಞಾನ ಮಾತ್ರ ಇರುತ್ತೆ. ಎರಡು ನಿಮಿಷ, ಮೂರು ನಿಮಿಷ." ಸ್ವಲ್ಪ ಹೊತ್ತು ಬಸ್ಸುಗಳ ಕಡೆ ನೋಡಿದರು. "ಮೂವತ್ತಾರು ವೋಲ್ಟಿಗೆ ಅದನ್ನ ಗುಣಿಸಿ ನೋಡಿದೆ. ಒಂದೂಕಾಲು ವಾಟಿಗಿಂತ ಒಂದು ಚೂರು ಹೆಚ್ಚು. ನಮ್ಮ ದೇವರಮನೇಲಿ ಉರಿಯೋ ಕೆಂಪು ಬಲ್ಬಿಗೂ ಅದಕ್ಕಿಂತ ಜಾಸ್ತಿ ಬೇಕು. ಅಷ್ಟರಲ್ಲಿ ಒಂದು ಹುಡುಗಿ ಹೋಯ್ತು."

ನಾನು, ನೀವು ಹೇಳಿದ್ದೇ ಸರಿ, ತಂದೆತಾಯಿಗೆ ಬೇರೇನು ಹೇಳಲು ಸಾಧ್ಯವಿತ್ತು ಎಂದೆ. ತುಮಕೂರಿನ ಬಸ್ಸು ಬಂದಾಗ, ಆ ಉದ್ದ ಹೆಜ್ಜೆಗಳ ಹೆಂಗಸು ನನ್ನ ತೋಳು ಹಿಡಿದು ಹತ್ತಿದರು.

ಚನ್ನೇಶ್ ಮತ್ತು ಓಬಳಯ್ಯನ ಮೇಲೆ ಹೂಡಿದ ಮೊಕದ್ದಮೆ ಎಲ್ಲ ಮೊಕದ್ದಮೆಗಳಂತೆ ತೆವಳಿತು. ಈ ನಡುವೆ ಶಿವರುದ್ರಮ್ಮ ನಿವೃತ್ತರಾದರು. ಬೀಳ್ಕೊಡುಗೆಯ ಹಾರದ ಕೆಳಗೂ ಕಂದು ಕೋಟು ಇತ್ತು. ಚನ್ನೇಶನ ವಕೀಲರು ಒಂದು ವಾದವನ್ನು ಕಟ್ಟಿದ್ದರು. ಗೀಸರು ಇದ್ದಕ್ಕಿದ್ದಂತೆ ಕೆಟ್ಟಿತು, ನೂರ ತೊಂಬತ್ತು ವೋಲ್ಟು ಹುಡುಗಿಯ ಮೈಮೇಲೆ ಒಮ್ಮೆಲೇ ಎರಗಿತು, ಪ್ರಾಣ ತಕ್ಷಣ ಹೋಯಿತು. ಇಎಲ್‌ಸಿಬಿ ಇದ್ದಿದ್ದರೂ ಉಳಿಸಲಾಗುತ್ತಿರಲಿಲ್ಲ, ಆದ್ದರಿಂದ ಅದನ್ನು ತಪ್ಪಿಸಿದ್ದು ಸಾವಿಗೆ ಕಾರಣವಲ್ಲ. ಈ ವಾದಕ್ಕೆ ಎಲ್ಲಕ್ಕಿಂತ ದೊಡ್ಡ ಬಲ ಕೊಟ್ಟವರು ಅಣ್ಣಯ್ಯಪ್ಪನವರೇ. ತಮ್ಮ ಸಾಕ್ಷಿಯ ದಿನ ಕಟಕಟೆಯಲ್ಲಿ ನಿಂತು, ಯಾರೂ ಕೇಳದಿದ್ದರೂ, "ನನ್ ಮಗ ನರಳಲಿಲ್ಲ ಸ್ವಾಮಿ. ಅರ್ಧ ಸೆಕೆಂಡು ಅಂತ ಮೇಡಮ್ಮೋರೇ ಹೇಳವ್ರೆ" ಎಂದುಬಿಟ್ಟಿದ್ದರು. ನಮ್ಮ ಕಡೆ ಹೆಣ್ಣುಮಗುವನ್ನೂ ಮುದ್ದಿಗೆ 'ಮಗ' ಎನ್ನುತ್ತಾರೆ. ವಕೀಲರು ಆ ಮಾತನ್ನು ಒಂದಕ್ಷರ ಬಿಡದೆ ದಾಖಲೆ ಮಾಡಿಸಿಕೊಂಡಿದ್ದರು.

ಶಿವರುದ್ರಮ್ಮನವರ ಸಾಕ್ಷಿಗೆ ಎರಡು ದಿನ ಮುಂಚೆ ಚನ್ನೇಶ್ ಅವರ ಬಳಿಗೆ ಬಂದ. ಅವನ ಹೆಂಡತಿ ಮಕ್ಕಳೊಂದಿಗೆ ಅಕ್ಕ ತಮ್ಮ ಇನ್ನೂ ಗುಬ್ಬಿಯ ಒಂದೇ ಮನೆಯಲ್ಲಿದ್ದರೂ ಮಾತು ನಿಂತು ಬಹಳ ಕಾಲವಾಗಿತ್ತು. ನಾನು ಹಜಾರದಲ್ಲಿದ್ದೆ, ಎದ್ದು ಹೋಗಲು ಹೊರಟರೆ ಶಿವರುದ್ರಮ್ಮ ಕೂರಿ ಎಂದು ಸನ್ನೆ ಮಾಡಿದರು. ಅವನು ನೆಲದ ಮೇಲೆ ಕೂತು, ಸಣ್ಣವನಿದ್ದಾಗ ಕೂರುತ್ತಿದ್ದಂತೆ, ಅವರ ಮೊಣಕಾಲಿಗೆ ತಲೆಯಿಟ್ಟ.

"ಅಕ್ಕ, ನೀನೇನೂ ಸುಳ್ಳು ಹೇಳ್ಬೇಡ. ಅವತ್ತು ಆ ಊರಲ್ಲಿ ಹೇಳಿದ್ದೇ ಕೋರ್ಟಲ್ಲೂ ಹೇಳು. ಅಷ್ಟು ಸಾಕು. ಆ ಯಪ್ಪನಿಗೂ ನೆಮ್ಮದಿ, ನನ್ಗೂ ಬದುಕು."

ಅವರ ಕೈ ಅವನ ತಲೆಯ ಮೇಲೆ ಹೋಯಿತು. ನೆರೆತ ಕೂದಲನ್ನು ಸವರಿತು. "ಊಟ ಮಾಡಿದ್ಯೇನೋ?" ಎಂದು ಮಾತ್ರ ಕೇಳಿದರು. ಅವನು ಮಾಡಿರಲಿಲ್ಲ. ಬಡಿಸಿದರು. ಅವನು ತಿಂದು ಕೈ ತೊಳೆದು ಹೋದ. ಅಕ್ಕ ಒಪ್ಪಿದಳೆಂದೇ ತಿಳಿದು ಹೋದನೆಂದು ಅವನ ಬೆನ್ನು ನೋಡಿದರೆ ಗೊತ್ತಾಗುತ್ತಿತ್ತು.

ತುಮಕೂರಿನ ನ್ಯಾಯಾಲಯದಲ್ಲಿ ಆ ದಿನ ಜನ ಹೆಚ್ಚಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಅಣ್ಣಯ್ಯಪ್ಪ ಒಬ್ಬರೇ, ಟವೆಲನ್ನು ಮಡಿಲಲ್ಲಿ ಮಡಿಸಿಟ್ಟುಕೊಂಡು ಕೂತಿದ್ದರು, ವನಜಮ್ಮ ಬಂದಿರಲಿಲ್ಲ. ಸರ್ಕಾರಿ ವಕೀಲರು ಕೇಳಿದ್ದಕ್ಕೆ ಶಿವರುದ್ರಮ್ಮ ಅಳತೆಯನ್ನೂ ಭಾಗಾಕಾರವನ್ನೂ ವಿವರಿಸಿದರು. ಮೂವತ್ತು ಮಿಲಿಆಂಪಿಯರು ಸೋರಿದರೆ ಕಡಿದುಕೊಳ್ಳಬೇಕೆಂದೇ ಮಾಡಿದ ಪೆಟ್ಟಿಗೆ ಅದು, ಮೂವತ್ತಾರಕ್ಕೆ ಅದು ಬಿದ್ದೇ ಬೀಳುತ್ತಿತ್ತು ಎಂದರು. ಚನ್ನೇಶನ ವಕೀಲರು ಪಾಟೀಸವಾಲಿಗೆ ಎದ್ದಾಗ ಅವರ ಮುಖದಲ್ಲಿ ಅವಸರವಿರಲಿಲ್ಲ.

"ಮೇಡಂ, ಹುಡುಗಿ ಅರ್ಧ ಸೆಕೆಂಡಿನಲ್ಲಿ ತೀರಿಕೊಂಡಳು ಅಂತ ಅವಳ ತಂದೆಗೆ ನೀವೇ ಹೇಳಿದ್ರಿ. ಹೌದೋ ಅಲ್ವೋ?"

"ಹೌದು."

"ಹಂಗಿದ್ರೆ ಈ ಪೆಟ್ಟಿಗೆ ಇದ್ದೇನು, ಬಿಟ್ಟೇನು? ಅದು ಬೀಳೋಷ್ಟರಲ್ಲಿ ಪ್ರಾಣ ಹೋಗಿರುತ್ತಲ್ಲ?"

ಶಿವರುದ್ರಮ್ಮ ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರ ಕಣ್ಣು ತಮ್ಮನ ಕಡೆ ಹೋಗಲಿಲ್ಲ. ಹಿಂದಿನ ಬೆಂಚಿನ ಕಡೆ ಹೋಗಿ ನಿಂತಿತು.

"ಅರ್ಧ ಸೆಕೆಂಡು ಅಂದದ್ದು ಸುಳ್ಳು" ಎಂದರು. "ಈ ಕರೆಂಟಿಗೆ ಎದೆ ತಕ್ಷಣ ನಿಲ್ಲೋದಿಲ್ಲ. ಕೈ ಹಿಡಿದುಕೊಳ್ಳುತ್ತೆ, ಉಸಿರು ನಿಲ್ಲುತ್ತೆ. ಉಸಿರು ಕಟ್ಟಿ ಸತ್ತಳು ಅಂತ ಡಾಕ್ಟರ ವರದಿಯಲ್ಲೂ ಇದೆ. ಜ್ಞಾನ ತಪ್ಪಕ್ಕೆ ಎರಡು ಮೂರು ನಿಮಿಷ ಆಗಿರುತ್ತೆ. ಪೆಟ್ಟಿಗೆ ಇದ್ದಿದ್ರೆ, ಒಂದು ಸೆಕೆಂಡಿನ ಒಂದು ಚೂರೂ ಕಳೆಯೋಕೆ ಮುಂಚೆ ಕಡೀತಿತ್ತು. ಆ ಹುಡುಗಿ ಬೆಚ್ಚಿಬಿದ್ದು ಹೊರಗೆ ಬರ್ತಿದ್ಲು."

"ಆಗ ಹೇಳಿದ್ದು ಸುಳ್ಳು, ಈಗ ಹೇಳ್ತಿರೋದು ಮಾತ್ರ ನಿಜ ಅಂತ ಕೋರ್ಟು ಹೇಗೆ ನಂಬಬೇಕು?"

"ನನ್ನನ್ನ ನಂಬೋದು ಬೇಡ. ಅಂಕಿ ವರದಿಯಲ್ಲಿದೆ. ಯಾರು ಬೇಕಾದ್ರೂ ಭಾಗಿಸಿ ನೋಡ್ಲಿ. ನಾನು ಆಗ ಹೇಳಿದ್ದು ಒಬ್ಬ ತಾಯಿಯ ಮುಖ ನೋಡಿ."

ಚನ್ನೇಶ್ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಅಣ್ಣಯ್ಯಪ್ಪ ಅಲ್ಲಾಡಲಿಲ್ಲ. ಮಡಿಸಿದ ಟವೆಲನ್ನು ಬಿಚ್ಚಿದರು, ಮತ್ತೆ ಮಡಿಸಿದರು.

ಹೊರಗೆ ಆವರಣದ ಹೊಂಗೆಮರದ ಕೆಳಗೆ ಅಣ್ಣಯ್ಯಪ್ಪ ನಮ್ಮ ಹತ್ತಿರ ಬಂದರು. ಬೈಯುತ್ತಾರೆಂದು ನಾನು ನಡುವೆ ನಿಂತೆ. ಶಿವರುದ್ರಮ್ಮ ನನ್ನನ್ನು ಬದಿಗೆ ಸರಿಸಿದರು.

"ನಂಗೆ ಗೊತ್ತಿತ್ತು ತಾಯಿ" ಎಂದರು ಅಣ್ಣಯ್ಯಪ್ಪ. "ಮಗೀನ ಕೈ ನಾನೇ ತೊಳ್ದಿದ್ದು. ಅಂಗೈ ಒಳ್ಗೆ ಸುಟ್ಟಿತ್ತು. ಪಂಪ್‌ಸೆಟ್ಟು ಇಟ್ಕೊಂಡಿರೋನು ನಾನು, ಜುಮ್ ಅಂತ ಒಂದ್ಸಲ ಹೊಡೆದ್ರೆ ಹಂಗೆ ಸುಡಲ್ಲ ಅಂತ ಗೊತ್ತು. ಆದ್ರೂ ನೀವು ಓದ್ಕೊಂಡೋರು, ನೀವು ಹೇಳಿದ್ದೇ ನಿಜ ಇರ್ಬೈದು ಅಂತ ಹಿಡ್ಕೊಂಡಿದ್ದೆ."

ಶಿವರುದ್ರಮ್ಮ ಏನೋ ಹೇಳಲು ಬಾಯಿ ತೆರೆದರು. ಅಣ್ಣಯ್ಯಪ್ಪ ಕೈಯೆತ್ತಿ ಬೇಡವೆಂದರು.

"ನೀವು ಇವತ್ತು ಹೇಳಿದ್ದು ಒಳ್ಳೇದಾಯ್ತು. ನಾಳೆ ಇನ್ನೊಬ್ರ ಮಗ ಉಳೀತದೆ. ಆದ್ರೆ ನಮ್ ಮನೆಯವ್ಳಿಗೆ ಗೊತ್ತಾಗೋದು ಬ್ಯಾಡ. ಅವ್ಳು ನಿದ್ದೆ ಮಾಡ್ತಿರೋದೇ ಆ ಅರ್ಧ ಸೆಕೆಂಡಿನ ಮ್ಯಾಲೆ. ಅವ್ಳು ಕೇಳಿದ್ರೆ ನೀವು ಮೊದ್ಲಿನ ತರಾನೇ ಹೇಳ್ಬೇಕು."

"ಹೇಳ್ತೀನಪ್ಪ" ಎಂದರು ಶಿವರುದ್ರಮ್ಮ.

ಚನ್ನೇಶನಿಗೆ ಸಜೆಯಾಯಿತು, ಓಬಳಯ್ಯನಿಗೂ ಆಯಿತು. ಮೇಲ್ಮನವಿ ಹೋಗಿದೆ, ಚನ್ನೇಶ್ ಜಾಮೀನಿನ ಮೇಲೆ ತೋಟದಲ್ಲೇ ಇದ್ದಾನೆ, ಊರೊಳಗೆ ಹೆಚ್ಚು ಕಾಣಿಸಿಕೊಳ್ಳುವುದಿಲ್ಲ. ಪಿ.ಜಿ.ಯನ್ನು ಬೇರೆ ಯಾರೋ ವಹಿಸಿಕೊಂಡು, ಬಣ್ಣ ಬಳಿಸಿ, ಬೇರೆ ಹೆಸರಿಟ್ಟು ನಡೆಸುತ್ತಿದ್ದಾರೆ. ಬಾಲ್ಕನಿಗಳಲ್ಲಿ ಮತ್ತೆ ಬಣ್ಣಬಣ್ಣದ ಬಟ್ಟೆಗಳು ಒಣಗುತ್ತವೆ. ಶಿವರುದ್ರಮ್ಮ ತೀರ್ಪಿನ ವಾರವೇ ಗುಬ್ಬಿಯ ಮನೆ ಬಿಟ್ಟು ತುಮಕೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದರು. ಯಾರೂ ಹೊರಗೆ ಹಾಕಲಿಲ್ಲ. ಊಟಕ್ಕೆ ಯಾರೂ ಕರೆಯಲಿಲ್ಲ, ಅಷ್ಟೆ. ತಮ್ಮನ ಮಗಳ ಮದುವೆಯ ಸುದ್ದಿ ಅವರಿಗೆ ನನ್ನಿಂದ ತಿಳಿಯಿತು. "ಯಾವಾಗ?" ಎಂದರು. ಮುಂದಿನ ಹದಿನಾಲ್ಕು ಎಂದೆ. ನಾನು ಕಾದೆ. ಅವರು ಹದಿನಾಲ್ಕು ಏನೆಂದು ಕೇಳಲಿಲ್ಲ.

ನಾನು ಆಗಾಗ ಹೋಗುತ್ತೇನೆ. ಕೋಟು ಗೋಡೆಯ ಮೊಳೆಗೆ ತೂಗುಬಿದ್ದಿರುತ್ತದೆ, ನಡಿಗೆ ನಿಧಾನವಾಗಿದೆ. ಕಳೆದ ಸಲ ನಾನಿದ್ದಾಗಲೇ ಫೋನು ಬಂತು. ಹೆಸರು ನೋಡಿ ಅವರು ಎದ್ದು ನಿಂತರು; ಕೂತು ಆ ಫೋನಿಗೆ ಉತ್ತರಿಸುವುದಿಲ್ಲವೆಂದು ಕಾಣುತ್ತದೆ. ಆ ಕಡೆಯ ದನಿ ನನಗೂ ಕೇಳಿಸುತ್ತಿತ್ತು. ವನಜಮ್ಮ ಮಳೆ ಬೆಳೆ ಮಾತಾಡಿದರು, ಎಮ್ಮೆ ಕರು ಹಾಕಿದ್ದನ್ನು ಹೇಳಿದರು, ಕೊನೆಗೆ ದನಿ ತಗ್ಗಿಸಿದರು. ಫೋನು ಬಂದಾಗಲೆಲ್ಲ ಅದೇ ಅರ್ಧ ಸೆಕೆಂಡಿನ ಪ್ರಶ್ನೆಯಂತೆ. ಶಿವರುದ್ರಮ್ಮ ಕಿಟಕಿಯ ಕಂಬಿಗೆ ಹಣೆ ಒತ್ತಿ, "ಹೌದಮ್ಮ. ಅಷ್ಟೇ. ಅದಕ್ಕಿಂತ ಹೆಚ್ಚಿಲ್ಲ" ಎಂದರು. ಫೋನಿಟ್ಟು ಕಾಫಿ ಇಡಲು ಒಳಗೆ ಹೋದರು.

ನಿಖರತೆಯನ್ನು ವ್ರತವಾಗಿ ಹಿಡಿದವರನ್ನು ನಾವು ಹೃದಯವಿಲ್ಲದವರೆಂದು ಸುಲಭವಾಗಿ ಕರೆದುಬಿಡುತ್ತೇವೆ. ಹೃದಯವೆಂಬುದು ಅಂದಾಜಿನಲ್ಲಿ ಮಾತ್ರ ವಾಸಿಸುತ್ತದೆಯೆಂಬುದು ನಮ್ಮಂತಹ ಕಾವ್ಯದವರು ಹರಡಿದ ನಂಬಿಕೆ. ಕರ್ಣಕಠೋರ ಸತ್ಯಗಳು ನಮ್ಮಷ್ಟೇ ಅವರಿಗೂ ಬೇಡವಾದವುಗಳೇ. ಆದರೆ ಅಳೆಯಲು ಬಲ್ಲವರಾದ್ದರಿಂದ, ಕೇಳಿಸದಂತೆ ನಟಿಸುವ ಅನುಕೂಲ ಅವರಿಗಿಲ್ಲ. ಇಂಥವರಿಂದ ಊರು ಬದುಕುತ್ತದೆ, ಮನೆ ಒಡೆಯುತ್ತದೆ. ಊರು ಅವರಿಗೆ ಕೃತಜ್ಞವಾಗಿರುವುದಿಲ್ಲ, ಏಕೆಂದರೆ ಉಳಿದ ಜೀವಗಳಿಗೆ ತಾವು ಉಳಿದೆವೆಂಬುದೇ ತಿಳಿದಿರುವುದಿಲ್ಲ. ಒಡೆದ ಮನೆ ಮಾತ್ರ ಪ್ರತಿದಿನ ಕಣ್ಣಿಗೆ ಬೀಳುತ್ತದೆ. ನಿಜ ಹೇಳಿದ್ದಕ್ಕೆ ಒಬ್ಬರನ್ನು, ಹೇಳದೇ ಇದ್ದದ್ದಕ್ಕೆ ಇನ್ನೊಬ್ಬರನ್ನು ಹೊತ್ತುಕೊಂಡು ಅವರು ಮುದುಕರಾಗುತ್ತಾರೆ, ಮತ್ತು ಎರಡರಲ್ಲಿ ಯಾವುದು ಹೆಚ್ಚು ಭಾರವೆಂದು ಅವರನ್ನು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರುವುದಿಲ್ಲ.